ಮಗಳು ನೊಣ ಎಣಿಸುತ್ತಾಳಂತೆ. ಪ್ರಯೋಗಾಲಯದ ಒಳಗೆ ನಿಜಕ್ಕೂ ಏನು ನಡೆಯುತ್ತದೆ?

ಹುಳುಮನೆ ಮಳವಳ್ಳಿ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಮಳವಳ್ಳಿ ತಾಲ್ಲೂಕಿನ ರೈತ. ಎರಡು ಎಕರೆ ಹಿಪ್ಪುನೇರಳೆ ಇದೆ, ಒಂದು ಬೆಳೆಗೆ 200 ಮೊಟ್ಟೆ ಗೊಂಚಲಿನ ರೇಷ್ಮೆ ಹುಳು ಮೇಯಿಸುತ್ತೇವೆ. ಮಗಳು ಈ ವರ್ಷ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಸೇರಿದ್ದಾಳೆ. ನಮ್ಮ ಮನೆಯಲ್ಲಿ ಇಷ್ಟು ದೂರ ಓದಿದವರು ಯಾರೂ ಇಲ್ಲ.

ದಿನಾ ಸಂಜೆ ಫೋನ್ ಮಾಡುತ್ತಾಳೆ. "ಇವತ್ತು ಏನು ಮಾಡಿದೆಯಮ್ಮಾ" ಅಂದರೆ "ನೊಣ ಎಣಿಸಿದೆ ಅಪ್ಪಾ" ಅನ್ನುತ್ತಾಳೆ. ನೊಣ ಅಂದರೆ ನನಗೆ ಗೊತ್ತಿರುವುದು ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ ಒಂದೇ. 1980ರಲ್ಲಿ ಅದು ಕರ್ನಾಟಕಕ್ಕೆ ಕಾಲಿಟ್ಟಾಗ ನಮ್ಮಪ್ಪ ಗೂಡು ಕಟ್ಟಲು ಹಣ್ಣಾಗಿದ್ದ ಹುಳುವನ್ನು ಬುಟ್ಟಿ ಬುಟ್ಟಿಯಾಗಿ ತಿಪ್ಪೆಗೆ ಸುರಿದಿದ್ದರಂತೆ. ಅಂಥದ್ದನ್ನು ಇವರು ಸೀಸೆಯಲ್ಲಿ ಸಾಕುತ್ತಾರಾ? ಕೇಳಿದರೆ "ಅದು ಬೇರೆ ನೊಣ ಅಪ್ಪಾ. ಇದರಿಂದ ಮೆದುಳು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯುತ್ತದೆ, ಬುದ್ಧಿ ಇರುವ ಯಂತ್ರ ಮಾಡುವವರೂ ಇದನ್ನೇ ನೋಡುತ್ತಾರೆ" ಅಂದಳು. ಮುಂದೆ ಏನು ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ. "ಊಟ ಆಯ್ತಾ" ಅಂದೆ.

ಕೆಲಸ ಸಿಗುತ್ತದೋ ಇಲ್ಲವೋ ಅನ್ನುವುದು ನನ್ನ ಪ್ರಶ್ನೆ ಅಲ್ಲ. ಮಗಳ ಜೊತೆ ಅವಳ ಕೆಲಸದ ಬಗ್ಗೆ ನಾಲ್ಕು ಮಾತು ಆಡಬೇಕು, ಅಷ್ಟೇ. ಗೊತ್ತಿರುವವರು ಬಿಡಿಸಿ ಹೇಳಿ.

ಮದ್ದೂರು ಕೆರೆ ಏರಿ · ಭಾನುವಾರ ರಾತ್ರಿ 9:48

ಅಣ್ಣ, ನಾನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅಕ್ಕನ ಮಗನೂ ಹೀಗೇ ಐದಾರು ವರ್ಷ ಸಂಶೋಧನೆ ಅಂತ ಕೂತ. ಕೊನೆಗೆ ಬಿ.ಎಡ್. ಮಾಡಿ ಮೇಷ್ಟ್ರಾದ. ಹೆಣ್ಣುಮಗು, ಬೇಗ ಬಿ.ಎಡ್. ಮಾಡಿಸಿ.

ಸೀಸೆ ಮತ್ತು ಹತ್ತಿ · ಭಾನುವಾರ ರಾತ್ರಿ 11:20

ಅಣ್ಣಾ, ನಿಮ್ಮ ಬರಹ ಓದಿ ಮನಸ್ಸು ತುಂಬಿ ಬಂತು. ನಾನೂ ಗಂಗೋತ್ರಿಯಲ್ಲೇ ನೊಣದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ನಮ್ಮ ಅಪ್ಪನೂ ಇದನ್ನೇ ಕೇಳುತ್ತಿದ್ದರು. ಆಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ನಿಮ್ಮ ಮಗಳು ಎಣಿಸುವುದು ಊಜಿ ಅಲ್ಲ, ಮಾವಿನಕಾಯಿಗೆ ಹುಳ ಬೀಳಿಸುವ ಹಣ್ಣುನೊಣವೂ ಅಲ್ಲ. ಬಾಳೆಹಣ್ಣು ಕಳಿತರೆ ಅಡುಗೆಮನೆಯಲ್ಲಿ ಹಾರಾಡುತ್ತವಲ್ಲ, ಸಾಸಿವೆ ಕಾಳಿನಷ್ಟು ಗಾತ್ರ, ಕಣ್ಣು ಕೆಂಪು? ಅದು. ಹೆಸರು ಡ್ರಾಸೊಫಿಲಾ. ನಮ್ಮ ವಿಭಾಗದಲ್ಲಿ ಇವುಗಳ ಬೇರೆ ಬೇರೆ ತಳಿಗಳನ್ನು ಉಳಿಸಿಕೊಂಡು ಬರುವ ಕೇಂದ್ರವೇ ಇದೆ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಳಿ ಕಾಯುತ್ತಾರಲ್ಲ, ಹಾಗೆ. ಮೈಸೂರಿನವರು ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣಿನ ಸೀಸೆ ಕಟ್ಟಿ, ಬೇರೆ ಬೇರೆ ಎತ್ತರದಲ್ಲಿ ಯಾವ ಜಾತಿಯ ನೊಣ ಸಿಗುತ್ತದೆ ಅಂತಲೂ ನೋಡಿದ್ದಾರೆ.

ಇವುಗಳ ಊಟ ಏನು ಗೊತ್ತಾ? ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಕುದಿಸಿ, ಬೂಸ್ಟು ಹಿಡಿಯದ ಹಾಗೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಬೆರೆಸಿ, ಸೀಸೆಗೆ ಹುಯ್ದು, ಆರಿದ ಮೇಲೆ ಹತ್ತಿಯ ಬಿರಡೆ ಹಾಕುತ್ತೇವೆ. ನಿಮ್ಮ ಮಂಡ್ಯ ಬೆಲ್ಲವೇ ಅಣ್ಣಾ. ಕುದಿಸುವ ದಿನ ಇಡೀ ಕಾರಿಡಾರು ಕೇಸರಿಬಾತ್ ವಾಸನೆ. ಮೊಟ್ಟೆಯಿಂದ ನೊಣ ಆಗಲು ಹತ್ತು ಹನ್ನೆರಡು ದಿನ ಸಾಕು. ಅದಕ್ಕೇ ಇದನ್ನು ಹಿಡಿದುಕೊಂಡಿರುವುದು. ತಿಂಗಳಲ್ಲಿ ಎರಡು ತಲೆಮಾರು ನೋಡಬಹುದು.

ಇನ್ನು ಎಣಿಸುವ ಮಾತು. ಒಂದು ಉದ್ದ ಗಾಜಿನ ಕೊಳವೆಗೆ ಹತ್ತು ನೊಣ ಬಿಡುತ್ತೇವೆ. ಮೆಲ್ಲಗೆ ಮೇಜಿಗೆ ತಟ್ಟಿದರೆ ಎಲ್ಲ ಕೆಳಗೆ ಬೀಳುತ್ತವೆ. ಆರೋಗ್ಯವಾಗಿರುವ ನೊಣಕ್ಕೆ ಮೇಲಕ್ಕೆ ಹತ್ತುವುದು ಹುಟ್ಟುಗುಣ. ಹತ್ತು ಸೆಕೆಂಡಿನಲ್ಲಿ 8 ಸೆಂಟಿಮೀಟರ್ ಗೆರೆ ದಾಟಿದವು ಎಷ್ಟು ಅಂತ ಬರೆಯುತ್ತೇವೆ. ಮತ್ತೆ ತಟ್ಟುತ್ತೇವೆ, ಮತ್ತೆ ಎಣಿಸುತ್ತೇವೆ. ಈಗ ಮನುಷ್ಯರ ಪಾರ್ಕಿನ್ಸನ್ ರೋಗದಲ್ಲಿ ಕೆಡುವ ಒಂದು ಪ್ರೋಟೀನನ್ನು ನೊಣದ ಮೆದುಳಿನಲ್ಲೂ ತಯಾರಾಗುವಂತೆ ಮಾಡಿದರೆ, ವಯಸ್ಸಾಗುತ್ತಾ ಆ ನೊಣಗಳಿಗೆ ಹತ್ತಲು ಆಗುವುದಿಲ್ಲ. 2000ದಲ್ಲಿ ಅಮೆರಿಕದಲ್ಲಿ ಇದನ್ನು ಮಾಡಿ ತೋರಿಸಿದರು. ಮನುಷ್ಯನ ಕೈ ನಡುಕವನ್ನು ಸೀಸೆಯೊಳಗೆ ಎಣಿಸುವ ಅಂಕಿ ಮಾಡಿಕೊಂಡ ಹಾಗಾಯಿತು. ಯಾವ ಔಷಧಿ ಕೊಟ್ಟರೆ ಮತ್ತೆ ಹತ್ತುತ್ತವೆ ಅಂತ ನೋಡಬಹುದು. ಮನುಷ್ಯರಲ್ಲಿ ರೋಗ ತರುವ ಜೀನುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲೂ ಜೋಡಿ ಜೀನ್ ಇದೆ.

ಹಾಗಾಗಿ "ನೊಣ ಎಣಿಸಿದೆ" ಅಂದರೆ, ಅವತ್ತು ಅವಳು ನೊಣವನ್ನು ಒಂದು ಪ್ರಶ್ನೆ ಕೇಳಿದ್ದಾಳೆ ಅಂತ. ನೊಣಕ್ಕೆ ಮಾತು ಬರುವುದಿಲ್ಲ. ಹತ್ತಿಯೋ ಹತ್ತದೆಯೋ ಉತ್ತರ ಕೊಡುತ್ತದೆ. ನಾಳೆ ಫೋನ್ ಬಂದಾಗ "ಎಷ್ಟು ಹತ್ತಿದವು?" ಅಂತ ಕೇಳಿ ನೋಡಿ.

ಹುಳುಮನೆ ಮಳವಳ್ಳಿ · ಸೋಮವಾರ ರಾತ್ರಿ 8:35

ಕೇಳಿದೆ! "ಎಷ್ಟು ಹತ್ತಿದವು" ಅಂದೆ. ಎರಡು ನಿಮಿಷ ಅವಳು ಮಾತೇ ಆಡಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ಆಡಿದಳು. ನಿಮಗೆ ಹೇಗೆ ಧನ್ಯವಾದ ಹೇಳಲಿ ತಾಯಿ.

ಆದರೆ ಮೆದುಳು ಮತ್ತು ಯಂತ್ರದ ಕೊಂಡಿ ಇನ್ನೂ ಸಿಕ್ಕಿಲ್ಲ.

ನಿವೃತ್ತ ಮೇಷ್ಟ್ರು ಸರಸ್ವತಿಪುರಂ · ಸೋಮವಾರ ರಾತ್ರಿ 10:02

ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮ ಮೈಸೂರಿಗೆ ಈ ವಿಷಯ ಹೊಸದಲ್ಲ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಓದಿ ಬಂದು, ಬುದ್ಧಿ ಅಳೆಯುವ ಪರೀಕ್ಷೆಗಳನ್ನು ನಮ್ಮ ದೇಶದ ಮಕ್ಕಳಿಗೆ ಹೊಂದಿಸಿದರು, ಪ್ರಾಣಿಗಳ ಪ್ರಯೋಗಾಲಯವನ್ನೂ ಮಾಡಿದರು. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ 'ಆಕಾಶವಾಣಿ' ಬಾನುಲಿ ಹೊರಡಿಸಿದವರೂ ಇವರೇ. ರೇಡಿಯೋ ಕಟ್ಟಿದ ಮನಸ್ಸೂ ಮನಶ್ಶಾಸ್ತ್ರ ಕಟ್ಟಿದ ಮನಸ್ಸೂ ಒಂದೇ ಆಗಿತ್ತು ಅನ್ನುವುದು ನನಗೆ ಇವತ್ತಿಗೂ ಬಹಳ ಪ್ರೀತಿಯ ಸಂಗತಿ.

ನೊಣ ಮತ್ತು ಮೆದುಳಿನ ಕಥೆಯಲ್ಲಿ ನಮ್ಮವರ ಪಾಲು ದೊಡ್ಡದು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್.ಸಿ.ಬಿ.ಎಸ್. ಕಟ್ಟಿದ ಒಬೈದ್ ಸಿದ್ದಿಕಿ ಅವರು 1970ರ ದಶಕದಲ್ಲಿ ಅಮೆರಿಕದ ಸೀಮೋರ್ ಬೆಂಜರ್ ಜೊತೆ ಸೇರಿ ವಿಚಿತ್ರ ನೊಣಗಳನ್ನು ಪರೀಕ್ಷಿಸಿದರು. ಬಿಸಿ ಏರಿಸಿದರೆ ಈ ನೊಣಗಳು ದಪ್ಪನೆ ಬಿದ್ದುಬಿಡುತ್ತವೆ. ತಂಪು ಮಾಡಿದರೆ ಏನೂ ಆಗದವರಂತೆ ಎದ್ದು ನಡೆಯುತ್ತವೆ. ಯಾಕೆ? ನರದಲ್ಲಿ ವಿದ್ಯುತ್ತು ಹರಿಯಬೇಕಾದರೆ ಸೋಡಿಯಂ ಒಳಗೆ ಬರಲು ಸಣ್ಣ ಸಣ್ಣ ಬಾಗಿಲು ತೆರೆಯಬೇಕು. ಇಂಥ ಒಂದು ತಳಿಯಲ್ಲಿ ಆ ಬಾಗಿಲಿನ ಜೀನೇ ಕೆಟ್ಟಿತ್ತು ಅಂತ ಮುಂದೆ ಗೊತ್ತಾಯಿತು. ಅದೇ ಬಗೆಯ ಬಾಗಿಲು ನಮ್ಮ ನರಗಳಲ್ಲೂ ಇದೆ. ಅದು ಕೆಟ್ಟರೆ ಮಕ್ಕಳಿಗೆ ಕೆಲವು ಬಗೆಯ ಮೂರ್ಛೆರೋಗ ಬರುತ್ತದೆ. ಬಿದ್ದ ನೊಣ ಒಂದು ಕಡೆ, ಫಿಟ್ಸ್ ಬರುವ ಮಗು ಇನ್ನೊಂದು ಕಡೆ. ನಡುವೆ ಇರುವುದು ಒಂದೇ ಬಾಗಿಲು.

ನಿಮಗೆ ಒಂದು ಪ್ರಶ್ನೆ ಕೇಳುತ್ತೇನೆ. ಗೂಡಿನಿಂದ ಚಿಟ್ಟೆ ಯಾವ ಹೊತ್ತಿಗೆ ಹೊರಗೆ ಬರುತ್ತದೆ?

ಹುಳುಮನೆ ಮಳವಳ್ಳಿ · ಸೋಮವಾರ ರಾತ್ರಿ 10:15

ಬೆಳಗಿನ ಜಾವ ಮೇಷ್ಟ್ರೇ. ಕೋಠಿಯವರು ಅದಕ್ಕೇ ನಸುಕಿಗೇ ಎದ್ದು ಕೂರುತ್ತಾರೆ.

ನಿವೃತ್ತ ಮೇಷ್ಟ್ರು ಸರಸ್ವತಿಪುರಂ · ಸೋಮವಾರ ರಾತ್ರಿ 10:31

ನೋಡಿ, ಅರ್ಧ ಪಾಠ ನಿಮಗೆ ಮೊದಲೇ ಬರುತ್ತದೆ. ನೊಣವೂ ಕೋಶದಿಂದ ಹೊರಬರುವುದು ಬೆಳಗಿನ ಹೊತ್ತಿಗೇ. 1971ರಲ್ಲಿ ಬೆಂಜರ್ ಮತ್ತು ಅವರ ವಿದ್ಯಾರ್ಥಿ ಕೊನೊಪ್ಕ ಈ ಹೊತ್ತು ತಪ್ಪಿದ ನೊಣಗಳನ್ನು ಹುಡುಕಿ ಹಿಡಿದರು. ಒಂದಕ್ಕೆ ದಿನ ಅಂದರೆ 19 ಗಂಟೆ. ಇನ್ನೊಂದಕ್ಕೆ 28. ಮೂರನೆಯದಕ್ಕೆ ಹಗಲು ರಾತ್ರಿಯ ಲೆಕ್ಕವೇ ಇಲ್ಲ. ಮೂರರಲ್ಲೂ ಕೆಟ್ಟದ್ದು ಒಂದೇ ಜೀನ್. ಆ ಎಳೆ ಹಿಡಿದು ಹೋದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ಪಾಳಿ ಮಾಡುವವರಿಗೆ ನಿದ್ದೆ ಯಾಕೆ ಕೆಡುತ್ತದೆ ಅನ್ನುವ ವಿಚಾರವೂ ಇದೇ ಗಡಿಯಾರದ್ದು.

ಹೆಬ್ಬಾಳ ರಿಂಗ್ ರೋಡ್ · ಮಂಗಳವಾರ ಬೆಳಗ್ಗೆ 7:40

ಯಂತ್ರದ ಕೊಂಡಿ ನಾನು ಹಾಕುತ್ತೇನೆ. ಮೈಸೂರಿನಲ್ಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಚಿತ್ರ ನೋಡಿ ಗುರುತು ಹಿಡಿಯುವ ಪ್ರೋಗ್ರಾಂಗಳು ನನ್ನ ದಿನದ ಅನ್ನ.

1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಅನ್ನುವ ಇಬ್ಬರು ನರಕೋಶವನ್ನು ಬರೀ ಲೆಕ್ಕವಾಗಿ ಬರೆದರು. ಹಲವು ಕಡೆಯಿಂದ ಸುದ್ದಿ ಬರುತ್ತದೆ, ಕೂಡಿಸು, ಮೊತ್ತ ಒಂದು ಮಟ್ಟ ದಾಟಿದರೆ ಮುಂದಕ್ಕೆ ಸುದ್ದಿ ಕಳಿಸು. 1958ರಲ್ಲಿ ರೋಸೆನ್‌ಬ್ಲಾಟ್ ಇಂಥ ಲೆಕ್ಕಕ್ಕೆ ಕಲಿಯುವ ಶಕ್ತಿ ಕೊಟ್ಟರು. ತಪ್ಪಾದಾಗಲೆಲ್ಲ ಯಾವ ಸುದ್ದಿಗೆ ಎಷ್ಟು ಬೆಲೆ ಅನ್ನುವುದನ್ನು ಸ್ವಲ್ಪ ಸ್ವಲ್ಪ ಬದಲಿಸುವುದು. ಅದೇ ಹೊತ್ತಿಗೆ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮೆದುಳಿನಲ್ಲಿ ಕೆಲವು ನರಕೋಶಗಳು ಒಂದೊಂದು ಕೋನದ ಗೆರೆಗೆ ಮಾತ್ರ ಎಚ್ಚರವಾಗುತ್ತವೆ ಅಂತ ಕಂಡರು. ಅದನ್ನು ನೋಡಿ ಜಪಾನಿನ ಫುಕುಷಿಮಾ 1980ರಲ್ಲಿ ಪದರ ಪದರವಾಗಿ ನೋಡುವ ಯಂತ್ರಜಾಲ ಮಾಡಿದರು. ಇವತ್ತು ನಿಮ್ಮ ಫೋನು ಮುಖ ನೋಡಿ ಬೀಗ ತೆಗೆಯುತ್ತದಲ್ಲ, ಅದರ ಬೇರು ಆ ಬೆಕ್ಕಿನವರೆಗೂ ಹೋಗುತ್ತದೆ.

ನೊಣದ ಕೊಂಡಿಯೂ ಇದೆ. ನೊಣದ ಮೆದುಳಿನಲ್ಲಿ ವಾಸನೆಯ ಸುಮಾರು 50 ದಾರಿಗಳು ಬಂದು ಸುಮಾರು 2,000 ನರಕೋಶಗಳಿಗೆ ಹರಡುತ್ತವೆ. ಅವುಗಳಲ್ಲಿ ಜೋರಾಗಿ ಕೂಗಿದ ಶೇಕಡ 5ರಷ್ಟು ಮಾತ್ರ ಉಳಿಯುತ್ತವೆ, ಮಿಕ್ಕವು ಬಾಯಿ ಮುಚ್ಚುತ್ತವೆ. ಆ ಶೇಕಡ 5 ಆ ವಾಸನೆಯ ಗುರುತಿನ ಚೀಟಿ. 2017ರಲ್ಲಿ ಇದೇ ಉಪಾಯವನ್ನು ಕಂಪ್ಯೂಟರಿಗೆ ಹಾಕಿ, ರಾಶಿ ಚಿತ್ರಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದನ್ನು ಹುಡುಕಲು ಬಳಸಿ ತೋರಿಸಿದರು. 2024ರಲ್ಲಂತೂ ಪೂರ್ತಿ ಬೆಳೆದ ನೊಣದ ಇಡೀ ಮೆದುಳಿನ ನಕ್ಷೆ ಬಂತು. 1,39,255 ನರಕೋಶ, ಐದು ಕೋಟಿಗೂ ಮಿಕ್ಕಿದ ಜೋಡಣೆ. ನಕ್ಷೆ ಕೈಗೆ ಬಂದ ಮೇಲೆ ನೊಣವನ್ನು ಕಂಪ್ಯೂಟರಿನಲ್ಲೇ ಓಡಿಸಬಹುದು. ಇನ್ನು ಸೀಸೆ, ಬೆಲ್ಲ ಎಲ್ಲ ಯಾಕೆ ಬೇಕು ಅನ್ನಿಸುತ್ತದೆ.

ಸೀಸೆ ಮತ್ತು ಹತ್ತಿ · ಮಂಗಳವಾರ ಮಧ್ಯಾಹ್ನ 1:15

ಕೊನೆಯ ಮಾತು ಒಪ್ಪುವುದಿಲ್ಲ ಸರ್. ಮಣ್ಣಿನಲ್ಲಿ ಒಂದು ಮಿಲಿಮೀಟರ್ ಉದ್ದದ ಒಂದು ಹುಳ ಇದೆ, ಸಿ. ಎಲೆಗನ್ಸ್. ಅದಕ್ಕಿರುವುದು 302 ನರಕೋಶ ಮಾತ್ರ. ಅದರ ಪೂರ್ತಿ ನಕ್ಷೆ 1986ರಲ್ಲೇ ಅಚ್ಚಾಯಿತು. ಆದರೂ ಮುಂದಿನ ಕ್ಷಣ ಆ ಹುಳ ಎಡಕ್ಕೆ ತಿರುಗುತ್ತದೋ ಬಲಕ್ಕೋ ಅಂತ ನಕ್ಷೆ ನೋಡಿ ಹೇಳಲು ಇವತ್ತಿಗೂ ಆಗುತ್ತಿಲ್ಲ. ಹಸಿದ ಹುಳ ಬೇರೆ, ಹೊಟ್ಟೆ ತುಂಬಿದ ಹುಳ ಬೇರೆ. ತಂತಿ ಅವೇ, ನಡತೆ ಬೇರೆ. ತಂತಿಗಳ ನಡುವೆ ಏನೇನು ರಸ ಹರಿಯುತ್ತಿದೆ ಅನ್ನುವುದು ನಕ್ಷೆಯಲ್ಲಿ ಕಾಣುವುದಿಲ್ಲ.

ಮೈಸೂರಿನ ರಸ್ತೆಗಳ ನಕ್ಷೆ ಇದ್ದರೆ ದಸರಾ ದಿನ ಯಾವ ಗಲ್ಲಿಯಲ್ಲಿ ಎಷ್ಟು ಜನ ನಿಂತಿರುತ್ತಾರೆ ಅಂತ ಗೊತ್ತಾಗುತ್ತದಾ? ಹೋಗಿ ನೋಡಬೇಕು ಅಲ್ವಾ.

ಹೆಬ್ಬಾಳ ರಿಂಗ್ ರೋಡ್ · ಮಂಗಳವಾರ ಸಂಜೆ 6:50

ನೀವು ಹೇಳಿದ್ದು ಸರಿ. ನಾನು ಆತುರಪಟ್ಟೆ. ನಮ್ಮ ಕೃತಕ ನರಕೋಶಕ್ಕೆ ಹಸಿವೆ ಇಲ್ಲ, ನಿದ್ದೆ ಇಲ್ಲ. ಅದು ಕೂಡಿಸುವ ಲೆಕ್ಕ ಅಷ್ಟೇ. ನಮ್ಮ ಮೆದುಳು 8,600 ಕೋಟಿ ನರಕೋಶ ಇಟ್ಟುಕೊಂಡು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ, ಒಂದು ಸಣ್ಣ ಬಲ್ಬಿನಷ್ಟು. ನಮ್ಮ ಯಂತ್ರಗಳನ್ನು ಕಲಿಸಲು ತಿನ್ನುವ ವಿದ್ಯುತ್ತು ನೋಡಿದರೆ ಇದು ನನಗೆ ಬಹಳ ಕಾಡುವ ವಿಷಯ.

ಆದರೆ ಹುಳುಮನೆ ಅಣ್ಣನಿಗೆ ಅಂತಲೇ ಒಂದು ವಿಷಯ ಇಟ್ಟುಕೊಂಡಿದ್ದೇನೆ. ರೇಷ್ಮೆ ಚಿಟ್ಟೆ ಓಡಿಸುವ ಗಾಡಿ!

ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಕಂಜಾಕಿ ಅನ್ನುವವರ ತಂಡ 2013ರಲ್ಲಿ ಒಂದು ಪುಟ್ಟ ರೋಬೋಟ್ ತೋರಿಸಿತು. ಮೇಲೆ ಒಂದು ಹಗುರ ಚೆಂಡು, ಗಾಳಿಯ ಮೇಲೆ ತೇಲುತ್ತಿರುತ್ತದೆ. ಚೆಂಡಿನ ಮೇಲೆ ಗಂಡು ಚಿಟ್ಟೆ, ಬೆನ್ನಿಗೆ ಕಡ್ಡಿ ಅಂಟಿಸಿ ನಿಲ್ಲಿಸಿರುತ್ತಾರೆ. ಚಿಟ್ಟೆ ನಡೆದರೆ ಚೆಂಡು ಉರುಳುತ್ತದೆ. ಚೆಂಡು ಉರುಳಿದ ಹಾಗೆ ಗಾಡಿಯ ಚಕ್ರ ಓಡುತ್ತದೆ. ಮುಂದಿನ ಗಾಳಿಯನ್ನು ಸಣ್ಣ ಫ್ಯಾನುಗಳು ಚಿಟ್ಟೆಯ ಎರಡೂ ಮೀಸೆಗೆ ಎಳೆದು ಕೊಡುತ್ತವೆ. ದೂರದಲ್ಲಿ ಹೆಣ್ಣಿನ ವಾಸನೆ ಇಟ್ಟರೆ ಚಿಟ್ಟೆ ಗಾಡಿಯನ್ನು ಅಲ್ಲಿಗೇ ಓಡಿಸಿಕೊಂಡು ಹೋಯಿತು. ಆಮೇಲೆ ಬೇಕಂತಲೇ ಒಂದು ಪಕ್ಕದ ಚಕ್ರವನ್ನು ಬೇರೆ ವೇಗಕ್ಕೆ ಇಟ್ಟು ಗಾಡಿಯನ್ನು ಒಂದೇ ಕಡೆ ಎಳೆಯುವಂತೆ ಮಾಡಿದರು. ಚಿಟ್ಟೆ ಅದನ್ನೂ ಸರಿದೂಗಿಸಿಕೊಂಡು ವಾಸನೆ ಇದ್ದಲ್ಲಿಗೆ ತಲುಪಿತು.

ಅನಿಲ ಸೋರುವ ಜಾಗ ಹುಡುಕುವ ಯಂತ್ರ ಮಾಡುವುದು ತುಂಬಾ ಕಷ್ಟ. ವಾಸನೆ ಗಾಳಿಯಲ್ಲಿ ಹಗ್ಗದ ಹಾಗೆ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಚಿಟ್ಟೆಯ ಉಪಾಯ ಸರಳ. ವಾಸನೆ ತಾಗಿದರೆ ನೇರ ಮುಂದಕ್ಕೆ. ತಪ್ಪಿದರೆ ಅತ್ತಿತ್ತ ಅಡ್ಡಾಡು. ಆಗಲೂ ಸಿಗದಿದ್ದರೆ ಸುತ್ತು ಹೊಡೆ. ಮತ್ತೆ ತಾಗಿದರೆ ಮೊದಲಿನಿಂದ.

ಹುಳುಮನೆ ಮಳವಳ್ಳಿ · ಮಂಗಳವಾರ ರಾತ್ರಿ 9:30

ಇದನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ನನ್ನ ತಾಯಿಗೆ ಎಂಬತ್ತು ವರ್ಷ. "ಅದು ಸುತ್ತು ಹೊಡೆಯುವುದು ನಿಜ ಕಣಪ್ಪ, ನಾವು ಚಿಕ್ಕವರಿದ್ದಾಗ ಮೊರದಲ್ಲಿ ಬಿಟ್ಟು ನೋಡುತ್ತಿದ್ದೆವು" ಅಂದರು. ಇಷ್ಟು ವರ್ಷ ಹುಳು ಮೇಯಿಸಿದ್ದೇನೆ. ಮೂರನೇ ಜ್ವರಕ್ಕೆ (ಪೊರೆ ಬಿಡಲು) ಕೂತಿದೆಯೋ ನಾಲ್ಕನೆಯದಕ್ಕೋ ಅಂತ ಕತ್ತಲಲ್ಲೂ ಹೇಳಬಲ್ಲೆ. ಚಿಟ್ಟೆಯನ್ನು ಮಾತ್ರ ನಿಂತು ನೋಡಿಲ್ಲ. ನಮ್ಮ ಕೆಲಸ ಗೂಡಿಗೇ ಮುಗಿಯುತ್ತದೆ.

ಹೋದ ವಾರ ಮಾರಿದ ಗೂಡಿನಲ್ಲಿ ಇಪ್ಪತ್ತು ಗೂಡು ಮನೆಯಲ್ಲೇ ಉಳಿದಿವೆ. ಬಿಡುತ್ತೇನೆ. ಚಿಟ್ಟೆ ಬರಲಿ.

ಕಾವೇರಿ ತೀರ ಪಟ್ಟಣ · ಬುಧವಾರ ಬೆಳಗ್ಗೆ 8:05

ಎಲ್ಲರೂ ಸಂಭ್ರಮ ಪಡುತ್ತಿದ್ದೀರಿ. ನನಗೆ ಒಂದು ಸಂಕಟ ಇದೆ. ಬೆನ್ನಿಗೆ ಕಡ್ಡಿ ಅಂಟಿಸುವುದು, ಬೆಕ್ಕಿನ ತಲೆಗೆ ತಂತಿ ಹಾಕುವುದು. ಅವುಗಳಿಗೂ ಜೀವ ಇಲ್ಲವಾ? ನಾನು ಪಿಯುಸಿಯಲ್ಲಿ ಕಪ್ಪೆ ಕುಯ್ದವಳು. ಆ ಕಪ್ಪೆಯ ಎದೆ ಇನ್ನೂ ಬಡಿಯುತ್ತಿತ್ತು. ಇವತ್ತಿಗೂ ಮರೆತಿಲ್ಲ.

ಸೀಸೆ ಮತ್ತು ಹತ್ತಿ · ಬುಧವಾರ ರಾತ್ರಿ 10:40

ಅಕ್ಕಾ, ನಿಮ್ಮ ಸಂಕಟ ನನ್ನದೂ ಹೌದು. ಕಾಲೇಜಿನಲ್ಲಿ ಪ್ರಾಣಿ ಕುಯ್ಯುವುದನ್ನು ಯುಜಿಸಿ 2014ರಲ್ಲಿ ನಿಲ್ಲಿಸಿತು. ಇಲಿ, ಮೊಲದ ಮೇಲೆ ಕೆಲಸ ಮಾಡಬೇಕಾದರೆ ಸಮಿತಿಯ ಮುಂದೆ ಯಾಕೆ, ಎಷ್ಟು, ನೋವು ಹೇಗೆ ಕಡಿಮೆ ಮಾಡುತ್ತೀರಿ ಅಂತ ಬರೆದು ಒಪ್ಪಿಗೆ ಪಡೆಯಬೇಕು. ನೊಣಕ್ಕೆ ಅಂಥ ಸಮಿತಿ ಇಲ್ಲ. ಆದರೆ ನಾನು ಬೇಕಾದ್ದಕ್ಕಿಂತ ಒಂದು ಸೀಸೆ ಜಾಸ್ತಿ ಕೊಲ್ಲುವುದಿಲ್ಲ. ಎಣಿಕೆ ಸರಿಯಾಗಿ ಮಾಡಿದರೆ ಅದೇ ಪ್ರಯೋಗವನ್ನು ಸುಮ್ನೆ ಎರಡು ಸಲ ಮಾಡುವುದು ತಪ್ಪುತ್ತದೆ. ಆ ಜೀವಗಳಿಗೆ ನಾನು ಕೊಡಬಹುದಾದ ಮರ್ಯಾದೆ ಅದು.

ಕೊಲ್ಲದೆ, ಬರೀ ನೋಡಿಯೇ ಬಹಳ ಕಲಿಯಬಹುದು ಕೂಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರು ಕಣಜದ ಗೂಡಿನ ಮುಂದೆ ದಶಕಗಳ ಕಾಲ ಕೂತವರು. ಪ್ರತಿ ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ರಾಣಿ ಹೋದರೆ ಮುಂದಿನ ರಾಣಿ ಯಾರಾಗುತ್ತಾರೆ ಅಂತ ನೋಡಿದರು.

ಹುಳುಮನೆ ಮಳವಳ್ಳಿ · ಗುರುವಾರ ಬೆಳಗ್ಗೆ 6:20

ಕಾವೇರಿ ತೀರದ ತಂಗಿ ಹೇಳಿದ್ದಕ್ಕೆ ನಾನೂ ಒಂದು ಮಾತು ಸೇರಿಸಬೇಕು. ನಾವು ಮಾರುವ ಪ್ರತಿ ಗೂಡಿನೊಳಗೂ ಒಂದು ಜೀವ ಇರುತ್ತದೆ. ಅದು ಬೇಯುತ್ತದೆ, ಆಮೇಲೆ ನೂಲು ಬರುತ್ತದೆ. ಅದರ ಅನ್ನ ಉಂಡೇ ಮಗಳನ್ನು ಓದಿಸಿದ್ದೇನೆ. ಹಾಗಾಗಿ ಪ್ರಯೋಗಾಲಯದವರನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ. ಆದರೆ ನಿಮ್ಮ ಮಾತು ನನ್ನನ್ನು ತಟ್ಟಿತು.

ಒಂಟಿಕೊಪ್ಪಲ್ ಅಮ್ಮ · ಗುರುವಾರ ಮಧ್ಯಾಹ್ನ 3:10

ನಾಲ್ಕು ದಿನದಿಂದ ಸುಮ್ಮನೆ ಓದುತ್ತಿದ್ದೆ. ಈಗ ಬರೆಯಲೇಬೇಕು ಅನ್ನಿಸಿತು.

ನನ್ನ ಮಗನಿಗೆ ಒಂದೂವರೆ ವರ್ಷ ಆದರೂ ಕರೆದರೆ ತಿರುಗುತ್ತಿರಲಿಲ್ಲ. ಒಬ್ಬ ಡಾಕ್ಟರು "ಗಂಡುಮಕ್ಕಳಿಗೆ ಮಾತು ತಡ, ಮೂರು ವರ್ಷದವರೆಗೆ ಕಾಯಿರಿ" ಅಂದರು. ಆರು ತಿಂಗಳು ಕಾದೆ. ಆ ಆರು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ನಮ್ಮ ಊರಿನದೇ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. 1965ರಿಂದ ಇಲ್ಲೇ ಇದೆ, ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ.

ಮಗುವನ್ನು ಮಲಗಿಸಿಕೊಂಡು ಬನ್ನಿ ಅಂದರು. ಹಣೆಗೆ, ಕಿವಿಯ ಹಿಂದೆ ಸಣ್ಣ ಬಿಲ್ಲೆಗಳನ್ನು ಅಂಟಿಸಿದರು. ಕಿವಿಗೆ ಟಕ್ ಟಕ್ ಅಂತ ಸದ್ದು ಬಿಟ್ಟರು. ಮಗು ನಿದ್ದೆ ಮಾಡುತ್ತಿತ್ತು. ಪರದೆಯ ಮೇಲೆ ಗೆರೆ ಓಡುತ್ತಿತ್ತು. ಆ ಹುಡುಗಿ ನನಗೆ ಬಿಡಿಸಿ ಹೇಳಿದಳು. ಸದ್ದು ಕಿವಿಯಿಂದ ಮೆದುಳಿನ ಬುಡಕ್ಕೆ ಏರುವಾಗ ಒಂದು ಸೆಕೆಂಡಿನ ನೂರರ ಒಂದು ಪಾಲಿನೊಳಗೆ ನಾಲ್ಕೈದು ಅಲೆ ಏಳುತ್ತದಂತೆ. ಅದು ಎಷ್ಟು ಸಣ್ಣದು ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಒಂದು ಟಕ್‌ಗೆ ಏನೂ ಕಾಣುವುದಿಲ್ಲ. ಸಾವಿರ, ಎರಡು ಸಾವಿರ ಸಲ ಬಿಟ್ಟು ಸರಾಸರಿ ತೆಗೆದರೆ ಮಿಕ್ಕ ಗಲಾಟೆಯೆಲ್ಲ ಕರಗಿ ಅಲೆ ಮೇಲೇಳುತ್ತದೆ.

ನನ್ನ ಮಗನ ಗೆರೆಯಲ್ಲಿ ಅಲೆ ಏಳಲಿಲ್ಲ. ಸದ್ದು ಏರಿಸಿದರು. ಆಗಲೂ ಏಳಲಿಲ್ಲ. ಅವತ್ತು ನಾನು ಅತ್ತೆ. ಆದರೆ ಅವತ್ತೇ ಉತ್ತರವೂ ಸಿಕ್ಕಿತು. ಈಗ ಅವನ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಒಂದು ಯಂತ್ರ ಸದ್ದನ್ನು ವಿದ್ಯುತ್ತು ಮಾಡಿ ನೇರವಾಗಿ ನರಕ್ಕೆ ಕೊಡುತ್ತದೆ. ಹಾಕಿದ ತಕ್ಷಣ ಮಾತು ಬರಲಿಲ್ಲ. ಆ ಹೊಸ ಸದ್ದಿಗೆ ಅರ್ಥ ಕಟ್ಟಲು ಅವನ ಮೆದುಳು ವರ್ಷಗಟ್ಟಲೆ ಕಲಿಯಿತು, ನಾವು ದಿನಾ ಕಲಿಸಿದೆವು. ಹೋದ ತಿಂಗಳು ಬಾಗಿಲಾಚೆಯಿಂದ "ಅಮ್ಮಾ, ಹಾಲು ಉಕ್ಕಿದ ಸದ್ದು" ಅಂದ.

ಹುಳುಮನೆ ಅಣ್ಣ, ನಿಮ್ಮ ಮಗಳು ಅದನ್ನೇ ಹತ್ತು ಸಲ, ನೂರು ಸಲ ಎಣಿಸುತ್ತಾಳಲ್ಲ. ನಾನು ಆ ಸಂಸ್ಥೆಯ ಕತ್ತಲೆ ಕೋಣೆಯಲ್ಲಿ ಎರಡು ಸಾವಿರ ಟಕ್ ಕೇಳುತ್ತಾ ಕೂತವಳು. ಅದರ ಬೆಲೆ ನನಗೆ ಗೊತ್ತು.

ಮದ್ದೂರು ಕೆರೆ ಏರಿ · ಗುರುವಾರ ರಾತ್ರಿ 9:00

ಅಮ್ಮ ಬರೆದದ್ದು ಓದಿ ನನ್ನ ಮೊದಲ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಇನ್ನೊಂದು ಹೊಳೆಯಿತು. ನಾವು ಹುಳು ಮನೆ ಕಿಟಕಿಯಲ್ಲಿ ಊಜಿ ಮಾತ್ರೆ ಕರಗಿಸಿದ ನೀರಿಡುತ್ತೇವೆ, ನೊಣ ತಾನಾಗಿ ಬಂದು ಬೀಳುತ್ತದೆ. ಚೀಲದಲ್ಲಿ ನೆಸೋಲಿಂಕ್ಸ್ ಅನ್ನುವ ಪುಟ್ಟ ಕಣಜ ತೂಗುಹಾಕುತ್ತೇವೆ, ಅದು ಊಜಿಯ ಕೋಶ ಹುಡುಕಿ ಅದರೊಳಗೆ ಮೊಟ್ಟೆ ಇಡುತ್ತದೆ. ಇವೆಲ್ಲ ಮೈಸೂರಿನ ಶ್ರೀರಾಂಪುರದ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದದ್ದು. ಅಂದರೆ ಊಜಿಗೆ ಯಾವುದು ಇಷ್ಟ, ಅದು ಎಲ್ಲಿ ಅಡಗುತ್ತದೆ ಅಂತ ಯಾರೋ ಕೂತು ಎಣಿಸಿದ್ದರಿಂದಲೇ ಅಲ್ವಾ?

ಹುಳುಮನೆ ಮಳವಳ್ಳಿ · ಭಾನುವಾರ ಬೆಳಗ್ಗೆ 10:25

ಚಿಟ್ಟೆ ಬಂದವು! ಇವತ್ತು ನಸುಕಿಗೆ ಹದಿನಾಲ್ಕು. ದಪ್ಪ ಹೊಟ್ಟೆಯ ಹೆಣ್ಣುಗಳನ್ನು ಬೇರೆ ಮಾಡಿದೆ. ಒಂದು ಹೆಣ್ಣನ್ನು ಹಾಳೆಯ ಮೇಲೆ ಕೂರಿಸಿ, ಒಂದು ಗಂಟೆ ಬಿಟ್ಟು ಗಾಜಿನ ಲೋಟ ಬೋರಲು ಹಾಕಿದೆ. ಗಂಡನ್ನು ಒಂದು ಗೇಣು ದೂರ ಬಿಟ್ಟೆ. ರೆಕ್ಕೆ ಪಟಪಟ ಬಡಿದುಕೊಂಡು ಸೀದಾ ಲೋಟಕ್ಕೇ ಬಂತು! ಅಂದರೆ ಅದು ಕಣ್ಣಿನಿಂದಲೂ ನೋಡುತ್ತದೆ. ಜಪಾನಿನವರು ವಾಸನೆ ಒಂದೇ ಅಂದದ್ದು ಸರಿಯಿಲ್ಲವಾ?

ಸೀಸೆ ಮತ್ತು ಹತ್ತಿ · ಭಾನುವಾರ ಬೆಳಗ್ಗೆ 10:50

ಅಣ್ಣಾ, ತಡೆಯಿರಿ. ಹೆಣ್ಣು ಒಂದು ಗಂಟೆ ಆ ಹಾಳೆಯ ಮೇಲೆ ಕೂತಿತ್ತಲ್ಲ. ವಾಸನೆ ಹಾಳೆಗೆ ಹತ್ತಿರುತ್ತದೆ. ಆ ವಾಸನೆಯ ಹೆಸರು ಬಾಂಬಿಕಾಲ್. 1959ರಲ್ಲಿ ಜರ್ಮನಿಯ ಬುಟೆನಾಂಟ್ ಸುಮಾರು ಐದು ಲಕ್ಷ ಚಿಟ್ಟೆಗಳಿಂದ ಚೂರೇ ಚೂರು ತೆಗೆದು ಗುರುತಿಸಿದ್ದು. ಗಂಡಿನ ಮೀಸೆಯ ನರಕೋಶ ಅದರ ಒಂದೇ ಅಣುವಿಗೂ ಎಚ್ಚರವಾಗಬಲ್ಲದು.

ಹೊಸ ಹಾಳೆ, ತೊಳೆದು ಒಣಗಿಸಿದ ಲೋಟ ತೆಗೆದುಕೊಳ್ಳಿ. ಹೆಣ್ಣನ್ನು ಇಟ್ಟ ಕೂಡಲೇ ಮುಚ್ಚಿ. ಆಮೇಲೆ ಲೋಟದ ಬದಲು ಟೀ ಸೋಸುವ ಜಾಲರಿ ಮುಚ್ಚಿ ನೋಡಿ. ಹಳೆಯ ಹಾಳೆ ಬಿಸಾಡಬೇಡಿ. ಹೆಣ್ಣಿಲ್ಲದ ಆ ಹಾಳೆಯನ್ನೂ ಗಂಡಿನ ಮುಂದೆ ಇಡಿ. ಒಂದೇ ಗಂಡಿನ ಮೇಲೆ ನಿಲ್ಲಬೇಡಿ, ಐದಾದರೂ ಬೇಕು. ಕಂಡದ್ದನ್ನೆಲ್ಲ ಬರೆಯಿರಿ.

ಹೆಬ್ಬಾಳ ರಿಂಗ್ ರೋಡ್ · ಭಾನುವಾರ ಬೆಳಗ್ಗೆ 11:05

ಅದು ಹಾರದೆ ಇದ್ದರೂ ರೆಕ್ಕೆ ಬಡಿಯುವುದು ಮುಂದಿನ ಗಾಳಿಯನ್ನು ಮೀಸೆಗೆ ಎಳೆದುಕೊಳ್ಳಲು. ನಾವು ಮೂಸಿ ನೋಡುತ್ತೇವಲ್ಲ, ಅದರ ಮೂಸುವಿಕೆ ಅದು. ಊದುಬತ್ತಿ ಹೊಗೆ ಹಿಡಿದರೆ ಕಾಣಬಹುದು.

ಸೀಸೆ ಮತ್ತು ಹತ್ತಿ · ಭಾನುವಾರ ಬೆಳಗ್ಗೆ 11:09

ಊದುಬತ್ತಿ ಬೇಡ ಸರ್, ಅದರ ವಾಸನೆಯೇ ಗೊಂದಲ ಮಾಡುತ್ತದೆ. ಹತ್ತಿಯ ಒಂದೇ ಎಳೆ ಸಾಕು.

ಹುಳುಮನೆ ಮಳವಳ್ಳಿ · ಭಾನುವಾರ ಸಂಜೆ 5:40

ಬರೆಯಲು ಕೈ ನಡುಗುತ್ತಿದೆ, ಅಷ್ಟು ಖುಷಿ. ಐದು ಗಂಡು, ಮೂರು ಬಗೆ.

ಹೊಸ ಹಾಳೆ, ತೊಳೆದ ಲೋಟ: ಹೆಣ್ಣು ಕಣ್ಣೆದುರೇ ಕೂತಿದೆ, ಒಂದು ಗಂಡೂ ಕದಲಲಿಲ್ಲ. ಕಲ್ಲಿನ ಹಾಗೆ ಕೂತವು. ಜಾಲರಿ ಹಾಕಿದ ಕೂಡಲೇ ನಾಲ್ಕು ಗಂಡು ರೆಕ್ಕೆ ಬಡಿದುಕೊಂಡು ಬಂದವು. ಆಮೇಲೆ ಹಳೆಯ ಖಾಲಿ ಹಾಳೆ ಇಟ್ಟೆ. ಅದೇ ನಾಲ್ಕು, ಯಾರೂ ಇಲ್ಲದ ಹಾಳೆಯ ಮೇಲೆ ಅತ್ತಿತ್ತ ಅಡ್ಡಾಡಿ, ಸುತ್ತು ಹೊಡೆದವು. ನನ್ನ ತಾಯಿ ಪಕ್ಕದಲ್ಲೇ ಕೂತು ನೋಡಿದರು. ಬೆಳಗ್ಗೆ ನಾನು ಹೇಳಿದ್ದು ತಪ್ಪು. ಅದು ನೋಡಿದ್ದು ಹೆಣ್ಣನ್ನಲ್ಲ, ಹಾಳೆಯನ್ನು ಮೂಸಿದ್ದು.

ಹತ್ತಿ ಎಳೆಯೂ ಹಿಡಿದೆ. ರೆಕ್ಕೆ ಬಡಿದಾಗ ಎಳೆ ಚಿಟ್ಟೆಯ ಮುಖದ ಕಡೆಗೇ ಬಾಗಿತು.

ಐದನೆಯ ಗಂಡು ಮಾತ್ರ ಜಾಲರಿಗೂ ಬರಲಿಲ್ಲ, ಹಾಳೆಗೂ ಬರಲಿಲ್ಲ. ಅದನ್ನು ಲೆಕ್ಕದಿಂದ ಬಿಡಬಹುದಾ?

ಸೀಸೆ ಮತ್ತು ಹತ್ತಿ · ಭಾನುವಾರ ಸಂಜೆ 6:02

ಬಿಡಬೇಡಿ ಅಣ್ಣಾ. ಅದನ್ನೇ ಮೊದಲು ಬರೆಯಿರಿ.

ಹುಳುಮನೆ ಮಳವಳ್ಳಿ · ಭಾನುವಾರ ರಾತ್ರಿ 9:15

ಬರೆದೆ. ಹುಳು ಮನೆಯ ಲೆಕ್ಕದ ಪುಸ್ತಕದಲ್ಲೇ, ಸೊಪ್ಪಿನ ಲೆಕ್ಕದ ಹಿಂದಿನ ಪುಟದಲ್ಲಿ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು. ಅವಳು ಶಾಬಾಷ್ ಅನ್ನುತ್ತಾಳೆ ಅಂದುಕೊಂಡಿದ್ದೆ. "ಅಪ್ಪಾ, ಆ ಐದನೆಯದು ಇವತ್ತು ಬಂದದ್ದಾ, ನಿನ್ನೆ ಬಂದದ್ದಾ? ಮೊದಲೇ ಜೋಡಿಯಾಗಿತ್ತಾ? ಅದರ ಮೀಸೆ ಸರಿಯಾಗಿತ್ತಾ?" ಅಂತ ಒಂದೇ ಸಮ ಕೇಳಿದಳು.

ಮೀಸೆ ನೋಡಿರಲಿಲ್ಲ. ಬ್ಯಾಟರಿ ತೆಗೆದುಕೊಂಡು ಹೋಗಿ ನೋಡಿದೆ. ಎಡಗಡೆಯದು ಅರ್ಧ ಮುರಿದಿದೆ. ಬಲಗಡೆಯದು ಚೆನ್ನಾಗಿದೆ. ಅರ್ಧ ಮುರಿದರೆ ಪೂರ್ತಿ ಸುಮ್ಮನಾಗಬೇಕಾ ಅಂತ ಅವಳನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲವಂತೆ. ಶನಿವಾರ ಊರಿಗೆ ಬರುತ್ತಾಳೆ. ಅಷ್ಟರೊಳಗೆ ಇನ್ನೂ ಒಂದಷ್ಟು ಗೂಡು ಉಳಿಸಿಕೊಂಡಿರಲು ಹೇಳಿದ್ದಾಳೆ.